ಹಾರ್ನಿಗೊಂದು ಘರಾಣೆ

ಬೆಳಗಿನ ಏಳೂವರೆಗೆ ನಾನು ತೋಡಿ ರಾಗ ಕೇಳುತ್ತೇನೆ. ಮೂವತ್ತು ವರ್ಷದ ಅಭ್ಯಾಸ. ಧಾರವಾಡದಲ್ಲಿದ್ದಾಗ ಕ್ಯಾಸೆಟ್ಟು, ಪುಣೆಗೆ ಬಂದ ಮೇಲೆ ಸಿ.ಡಿ., ಈಗ ಮಗ ಕೊಡಿಸಿದ ಉಪ್ಪಿನಕಾಯಿ ಭರಣಿಯಂಥ ಸ್ಪೀಕರು. ಭೀಮಸೇನ ಜೋಶಿಯವರು ಮಂದ್ರದಿಂದ ಮೆಲ್ಲಗೆ ಮೇಲೇರಿ ಕೋಮಲ ಗಾಂಧಾರದ ಹೊಸ್ತಿಲಲ್ಲಿ ಕಾಲಿಡುವಷ್ಟರಲ್ಲಿ ಕೋಥರೂಡಿನ ನಮ್ಮ ಗಲ್ಲಿಯ ತಿರುವಿಗೆ ಶಾಲೆಯ ವ್ಯಾನು ಬಂದು ನಿಲ್ಲುತ್ತದೆ. ಮೂರನೆಯ ಮಹಡಿಯ ಮಗು ಇಳಿದು ಬರಬೇಕು. ಮಗುವಿನ ಹೆಸರು ಚಾಲಕನಿಗೆ ಗೊತ್ತಿಲ್ಲ, ಹಾರ್ನು ಗೊತ್ತಿದೆ. ಇಷ್ಟು ವರ್ಷಗಳಲ್ಲಿ ಆ ಹಾರ್ನೂ ಆ ಗಾಂಧಾರವೂ ಶ್ರುತಿ ಕೂಡಿದ್ದು ಒಂದೇ ಒಂದು ಸಲ. ಅಂದು ನಾನು ತಡೆಯಲಾರದೆ ಕಿಟಕಿಗೆ ಬಂದು ‘ವಾಹ್’ ಎಂದುಬಿಟ್ಟೆ. ಬೈದರೆಂದು ತಿಳಿದ ಚಾಲಕ ಇನ್ನೆರಡು ಸಲ ಒತ್ತಿದ.

ಹೀಗಿರುವಾಗ, ವಾಹನಗಳ ಹಾರ್ನಿನಿಂದ ಇನ್ನು ಮುಂದೆ ಭಾರತೀಯ ವಾದ್ಯಗಳ ನಾದವೇ ಹೊರಡಬೇಕು, ಅದಕ್ಕೊಂದು ಕಾನೂನು ತರುವ ಯೋಚನೆಯಿದೆ ಎಂದು ಕೇಂದ್ರದ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2025ರ ಏಪ್ರಿಲ್‌ನಲ್ಲಿ ಹೇಳಿದಾಗ ಪುಣೆಯಲ್ಲಿ ನನ್ನಷ್ಟು ಹಿಗ್ಗಿದವರು ಇನ್ನೊಬ್ಬರಿರಲಿಲ್ಲ. ಕೊಳಲು, ತಬಲಾ, ಪಿಟೀಲು, ಹಾರ್ಮೋನಿಯಂ. ಕಿವಿಗೆ ಹಿತವಾಗಬೇಕು, ಅಷ್ಟೇ. ಸಚಿವರಿಗೂ ನನ್ನದೇ ಕಷ್ಟ. ನಾಗಪುರದ ಮನೆಯ ಹನ್ನೊಂದನೆಯ ಮಹಡಿಯಲ್ಲಿ ಬೆಳಗ್ಗೆ ಪ್ರಾಣಾಯಾಮಕ್ಕೆ ಕುಳಿತರೂ ಹಾರ್ನು ಬಿಡುವುದಿಲ್ಲ ಎಂದು ಅವರು 2021ರಲ್ಲಿಯೇ ಹೇಳಿಕೊಂಡಿದ್ದರು. ಹನ್ನೊಂದನೆಯ ಮಹಡಿಯನ್ನು ಹತ್ತಿದ್ದು ಎರಡನೆಯ ಮಹಡಿಯ ನನ್ನನ್ನು ಬಿಟ್ಟೀತೇ?

ನಾನು ಸಂಪ್ರದಾಯಸ್ಥ. ಇದರಲ್ಲಿ ಮುಚ್ಚುಮರೆಯೇನಿಲ್ಲ. ವಿದ್ಯುತ್ ತಂಬೂರಿಯನ್ನು ಇನ್ನೂ ಒಪ್ಪಿಕೊಂಡಿಲ್ಲ. ಸಂಜೆಯ ಪೂರಿಯಾ ರಾಗವನ್ನು ಬೆಳಗ್ಗೆ ಹನ್ನೊಂದಕ್ಕೆ ಹಾಡಿದ ಗೆಳೆಯನೊಬ್ಬನ ಮನೆಯ ಮದುವೆಗೆ ಹೋಗಲಿಲ್ಲ. ಮತ ಯಾರಿಗೆ ಹಾಕುತ್ತೀರಿ ಎಂಬುದು ನಿಮ್ಮ ಹಣೆಯ ಮೇಲೆ ಬರೆದಿದೆ ಮಾವಯ್ಯ ಎಂದು ಸೊಸೆ ನಗುತ್ತಾಳೆ. ಬರೆದಿದ್ದರೆ ಇರಲಿ, ದೇಶದಲ್ಲಿ ಕೆಲವು ಸಂಗತಿಗಳು ಇದ್ದ ಹಾಗೆಯೇ ಇರಬೇಕು ಎನ್ನುವವರೂ ನಾಲ್ಕು ಜನ ಬೇಕು. ಆದರೆ ನಮ್ಮ ಮೂರನೆಯ ಮಹಡಿಯ ರಾಯರ ಮುಂದೆ ನಾನು ಕ್ರಾಂತಿಕಾರಿ. ವಿಜಯಪುರ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷವಾಗಿದೆ, ವಿದೇಶಿ ಎಂಬ ಪದ ಕೇಳಿದರೆ ಅವರ ರಕ್ತದೊತ್ತಡ ಏರುತ್ತದೆ. ಅದಕ್ಕೆ ನುಂಗುವ ಮಾತ್ರೆ ಮಾತ್ರ ಜರ್ಮನಿಯದು.

ಸುದ್ದಿ ಬಂದ ದಿನ ರಾಯರು ಧಾರವಾಡ ಪೇಢೆಯ ಪೊಟ್ಟಣ ಹಿಡಿದು ಇಳಿದು ಬಂದರು. ‘ಹಾರ್ನಿನ ಗುಲಾಮಗಿರಿ ಮುಗಿಯಿತು’ ಎಂದರು. ಪೇಢೆ ಬಾಯಲ್ಲಿ ಹಾಕಿಕೊಂಡ ಮೇಲೆ, ಅದಕ್ಕೆ ಮೊದಲಲ್ಲ, ನಾನು ಮೆಲ್ಲಗೆ ಹೇಳಿದೆ: ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸಿನಲ್ಲಿ, 1842ರಲ್ಲಿ ಅಲ್ಲಿಯೇ ಪೇಟೆಂಟ್ ಆಯಿತು. ಪಿಟೀಲಿನ ತವರು ಇಟಲಿ. ರಾಯರು ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡರು.

ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಸರ್ಕಾರಗಳ ಕಿವಿ ಎಂದೂ ಒಂದು ಶ್ರುತಿಯಲ್ಲಿ ನಿಂತಿಲ್ಲ. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊರಗಿನದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಬಗ್ಗದ್ದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗೆ ಹಾಕಿತು. ಠಾಗೋರರಿಗೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮೂರು ದಶಕ ಆ ಪೆಟ್ಟಿಗೆ ರೇಡಿಯೋ ನಿಲಯದ ಬಾಗಿಲಲ್ಲಿ ಚಪ್ಪಲಿಗಳ ಪಕ್ಕ ಕುಳಿತಿತ್ತು. ಅಂದು ಸ್ಟುಡಿಯೋದ ಒಳಗೆ ಬಿಡಲಾಗದಷ್ಟು ವಿದೇಶಿಯಾದದ್ದು ಇಂದು ಲಾರಿಯ ಮುಂದೆ ಕಟ್ಟುವಷ್ಟು ಸ್ವದೇಶಿಯಾಗಿದೆ. ನನಗೆ ತಕರಾರಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಮುತ್ತಜ್ಜಿಯೂ ಪೋರ್ಚುಗೀಸರ ಹಡಗಿನಿಂದ ಇಳಿದು ಬಂದವಳೇ. ಇಂದು ಅದಿಲ್ಲದೆ ರಾಯರ ಮನೆಯಲ್ಲಿ ಒಗ್ಗರಣೆ ಬೀಳುವುದಿಲ್ಲ.

1952ರಲ್ಲಿ ಕೇಸ್ಕರ್ ಎಂಬ ವಾರ್ತಾ ಮತ್ತು ಪ್ರಸಾರ ಸಚಿವರು ಬಂದರು. ನನ್ನ ಮೆಚ್ಚಿನ ಸಚಿವರು. ನನ್ನ ಅಭಿರುಚಿಯವರು ಅಧಿಕಾರಕ್ಕೆ ಬಂದದ್ದು ಅದೊಂದೇ ಸಲ. ಸಿನಿಮಾ ಹಾಡು ಜನರನ್ನು ಕೆಡಿಸುತ್ತದೆ ಎಂದು ಆಕಾಶವಾಣಿಯಲ್ಲಿ ಅದಕ್ಕೆ ಕಡಿವಾಣ ಹಾಕಿ ಶಾಸ್ತ್ರೀಯ ಸಂಗೀತದ ಹೊಳೆ ಹರಿಸಿದರು. ದೇಶ ಏನು ಮಾಡಿತು? ರೇಡಿಯೋದ ಕಿವಿ ಹಿಂಡಿ ಸಿಲೋನ್ ಸ್ಟೇಷನ್ನಿಗೆ ತಿರುಗಿಸಿತು. ಐದು ವರ್ಷ ಸಮುದ್ರದಾಚೆಯಿಂದ ಅದೇ ಹಾಡು ಕೇಳಿಸಿಕೊಂಡ ಮೇಲೆ ಸರ್ಕಾರ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ತೆರೆಯಿತು. ಆ ದಿನಗಳಲ್ಲಿ ಸಿಲೋನ್ ಕೇಳುತ್ತಿದ್ದ ನಮ್ಮ ಸೋದರಮಾವ ಶಾಸ್ತ್ರೀಯ ಸಂಗೀತ ಬಂದರೆ ಏಳುತ್ತಿದ್ದುದು ಗೌರವಕ್ಕಾಗಿ ಎಂದು ನಾನು ಬಹಳ ದಿನ ತಿಳಿದಿದ್ದೆ. ಅವರು ಸ್ಟೇಷನ್ ತಿರುಗಿಸಲು ಏಳುತ್ತಿದ್ದರು.

ಆ್ಯಂಬುಲೆನ್ಸಿನ ಕಥೆ ಇನ್ನೂ ಸೊಗಸು. 2021ರಲ್ಲಿ ನಾಸಿಕದಲ್ಲಿ ಮಾತನಾಡುತ್ತ ಗಡ್ಕರಿಯವರು, ಆ್ಯಂಬುಲೆನ್ಸಿನ ಸೈರನ್ ಕರ್ಕಶವಾಗಿದೆ, ಅದರ ಬದಲು ಬೆಳಗಿನ ಜಾವ ಆಕಾಶವಾಣಿಯಲ್ಲಿ ಬರುತ್ತಿದ್ದ ಆ ರಾಗ ಹಾಕಿದರೆ ಹಿತವಾಗಿರುತ್ತದೆ ಎಂದಿದ್ದರು. ಆಕಾಶವಾಣಿಯ ಆ ಧ್ವನಿ ಕೇಳಿದರೆ ನನ್ನ ವಯಸ್ಸಿನವರಿಗೆ ಇಂದಿಗೂ ಹಂಡೆಯ ಹೊಗೆ, ಹಲ್ಲುಪುಡಿ, ಅಪ್ಪನ ಕೆಮ್ಮು ನೆನಪಾಗುತ್ತದೆ. ಅದನ್ನು ಸಂಯೋಜಿಸಿದವರು ವಾಲ್ಟರ್ ಕೌಫ್‌ಮನ್. ಯುರೋಪಿನಿಂದ 1934ರಲ್ಲಿ ಮುಂಬಯಿಗೆ ಬಂದ ಯಹೂದಿ. ಬಂದವರು ಶಿವರಂಜನಿ ರಾಗದ ನೆರಳು ಹಿಡಿದು ತಂಬೂರಿಯ ಮೇಲೆ ಪಿಟೀಲು ಕೂಡಿಸಿ ಇಡೀ ದೇಶವನ್ನು ಎಬ್ಬಿಸಿದರು. ವಲಸಿಗರ ಬಗ್ಗೆ ರಾಯರ ಅಭಿಪ್ರಾಯಗಳನ್ನು ಇಲ್ಲಿ ಬರೆಯುವುದಿಲ್ಲ. ಅವರ ಮೊಬೈಲಿನ ಕರೆಯ ಧ್ವನಿ ಇದೇ ಎಂಬುದನ್ನು ಮಾತ್ರ ಬರೆಯುತ್ತೇನೆ.

ನನ್ನ ಚಿಂತೆ ರೋಗಿಯದು. ಎದೆನೋವೆಂದು ಮಲಗಿಸಿಕೊಂಡು ಒಯ್ಯುತ್ತಿದ್ದಾರೆ, ತಲೆಯ ಮೇಲೆ ಆಕಾಶವಾಣಿ ನುಡಿಯುತ್ತಿದೆ. ಅವನು ಇನ್ನೂ ಬೆಳಗಿನ ಐದು ಮುಕ್ಕಾಲು ಎಂದೇ ತಿಳಿಯುತ್ತಾನೆ. ಮುಂದೆ ವಂದೇ ಮಾತರಂ, ಆಮೇಲೆ ಚಿಂತನ, ಕೃಷಿಕರಿಗೆ ಸಲಹೆ, ಸಂಸ್ಕೃತದಲ್ಲಿ ವಾರ್ತೆ. ಇಷ್ಟೆಲ್ಲ ಮುಗಿಯದೆ ಎದ್ದು ಅಭ್ಯಾಸವಿಲ್ಲದ ಪೀಳಿಗೆ ನಮ್ಮದು. ಆಸ್ಪತ್ರೆಯ ಬಾಗಿಲಲ್ಲಿ ಇಳಿಸಲು ಹೋದರೆ ‘ಇನ್ನೂ ಪ್ರದೇಶ ಸಮಾಚಾರ ಆಗಿಲ್ಲ’ ಎಂದಾನು.

ಇರಲಿ. ರಾಯರು ಹಟ ಹಿಡಿದರು. ‘ನೀವು ಸಂಗೀತ ಬಲ್ಲವರು, ಸಚಿವರಿಗೆ ಒಂದು ಮನವಿ ಬರೆಯಿರಿ. ಕಾನೂನು ಬರುವುದಾದರೆ ಶಾಸ್ತ್ರೋಕ್ತವಾಗಿ ಬರಲಿ.’ ಕೆಲಸಕ್ಕೆ ಕುಳಿತೆ. ಕುಳಿತ ಮೇಲೆ ಗೊತ್ತಾಯಿತು, ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಎಂಬುದು ಈಗಾಗಲೇ ಇದೆ, ಅದರ 119ನೆಯ ನಿಯಮ ಹಾರ್ನಿನ ಕುರಿತದ್ದೇ. ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನನ್ನು ವಾಹನಕ್ಕೆ ಹಾಕಕೂಡದು ಎನ್ನುತ್ತದೆ ಅದು. ಆ್ಯಂಬುಲೆನ್ಸು, ಅಗ್ನಿಶಾಮಕ ದಳ, ಪೊಲೀಸರಂಥವರಿಗೆ ವಿನಾಯಿತಿ. ಅಂದರೆ ನಾಗರಿಕನ ಪಾಲಿಗೆ ಒಂದೇ ಸ್ವರ. ಐದಕ್ಕಿಂತ ಕಡಿಮೆ ಸ್ವರಗಳಲ್ಲಿ ರಾಗವಾಗದು ಎನ್ನುತ್ತದೆ ಶಾಸ್ತ್ರ. ಮಾಲಾಶ್ರೀ ರಾಗವೊಂದೇ ಹೇಗೋ ಮೂರರಲ್ಲಿ ಸಂಸಾರ ತೂಗಿಸುತ್ತದೆ. ಒಂದೇ ಸ್ವರದಲ್ಲಿ ಹಾಡುವ ಘರಾಣೆ, ಅಂದರೆ ಗಾಯನ ಪರಂಪರೆ, ನನಗೆ ತಿಳಿದ ಮಟ್ಟಿಗೆ ಸುದ್ದಿವಾಹಿನಿಗಳದು ಮಾತ್ರ.

ನಿಯಮ ತಿದ್ದುತ್ತಾರೆ, ನಾವು ಮುಂದೆ ಬರೆಯೋಣ ಎಂದರು ರಾಯರು. ಬರೆದೆವು. ಮೊದಲನೆಯದು ಸಮಯ. ಹಿಂದೂಸ್ತಾನಿ ಸಂಗೀತದಲ್ಲಿ ರಾಗಕ್ಕೊಂದು ಪ್ರಹರವಿದೆ. ಹಾರ್ನಿಗೆ ಮಾತ್ರ ಇಪ್ಪತ್ತನಾಲ್ಕು ಗಂಟೆಯ ಸ್ವಾತಂತ್ರ್ಯ ಯಾಕೆ? ಹಾಲಿನ ಗಾಡಿ ಭೈರವದಲ್ಲಿ ಬರಲಿ. ಶಾಲೆಯ ವ್ಯಾನಿಗೆ ತೋಡಿ (ಇದು ನನ್ನ ಸ್ವಾರ್ಥ, ಒಪ್ಪುತ್ತೇನೆ). ನಡುಹಗಲಿಗೆ ಸಾರಂಗ. ಒಂದರಿಂದ ನಾಲ್ಕರವರೆಗೆ ಪುಣೆಯಲ್ಲಿ ಯಾವ ರಾಗವೂ ಬೇಡ, ಆಗ ಅಂಗಡಿಯವರೂ ಗಿರಾಕಿಯನ್ನು ಮಾತನಾಡಿಸುವುದಿಲ್ಲ. ನಾಲ್ಕಕ್ಕೆ ಭೀಮಪಲಾಸ. ಸೂರ್ಯ ಮುಳುಗುವ ಹೊತ್ತಿಗೆ ಹಿಂಜವಡಿಯ ಕಂಪನಿಗಳು ಬಿಡುತ್ತವೆ, ಆಗ ಮಾರವಾ. ಷಡ್ಜಕ್ಕೆ ಬಂದೇಬಿಟ್ಟೆವು ಎನ್ನಿಸಿ ಬರಗೊಡದ ರಾಗ ಅದು. ಮನೆ ಕಾಣಿಸುತ್ತದೆ, ಸೇರಿಸುವುದಿಲ್ಲ. ಹಿಂಜವಡಿಯಿಂದ ವಾಕಡದ ತನಕ ಸಂಜೆ ಆರೂವರೆಗೆ ಹೋದವರಿಗೆ ಮಾರವಾದ ಲಕ್ಷಣ ಬೇರೆ ವಿವರಿಸಬೇಕಾಗಿಲ್ಲ.

ಎರಡನೆಯದು ಘರಾಣೆ. ನಗರದ ಬಸ್ಸುಗಳಿಗೆ ಕಿರಾನಾ: ವಿಲಂಬಿತ ಲಯ, ಒಂದೊಂದು ಸ್ವರದ ಮೇಲೂ ದೀರ್ಘ ನಿಲುಗಡೆ. ರಿಕ್ಷಾಗಳಿಗೆ ಜೈಪುರ, ವಕ್ರ ನಡೆ, ಎಲ್ಲಿಂದ ಹೊಕ್ಕು ಎಲ್ಲಿ ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದರೆಂದು ತಿಳಿಯುವಷ್ಟರಲ್ಲಿ ಮುಂದಿನ ಆವರ್ತನ. ಲಾರಿಗಳಿಗೆ ಆಗ್ರಾದ ನೋಂ ತೋಂ ಆಲಾಪ. ಇದನ್ನು ಬರೆಯುವಾಗ ರಾಯರು ನಡುವೆ ಬಾಯಿ ಹಾಕಿ, ಕಿರಾನಾ ಎಂದರೆ ನಮ್ಮದೇ ಅಲ್ಲವೇ, ಧಾರವಾಡ ಕಡೆಯದು ಎಂದರು. ಕಿರಾನಾ ಎಂಬುದು ಉತ್ತರ ಪ್ರದೇಶದ ಕೈರಾನಾ. ರಾಯರು ಆ ಊರಿನ ಹೆಸರನ್ನು ಚುನಾವಣೆಯ ಕಾಲದಲ್ಲಿ ಟಿ.ವಿ.ಯಲ್ಲಿ ಮಾತ್ರ ಕೇಳಿದ್ದಾರೆ, ಅದೂ ಕಿರುಚಾಟದ ನಡುವೆ. ಅಲ್ಲಿಯ ಅಬ್ದುಲ್ ಕರೀಂ ಖಾನ್ ಮಿರಜಿಗೆ ಬಂದು ನೆಲೆಸಿದರು, ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು, ಅವರಿಂದ ಭೀಮಸೇನರು, ಗಂಗೂಬಾಯಿ. ಗದಗಿನ ಹುಡುಗ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ್ದೇ ಖಾನ್‌ಸಾಹೇಬರ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ. ರಾಯರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ‘ಬಸ್ಸಿಗೆ ಕಿರಾನಾ ಇರಲಿ’ ಎಂದರು. ಭೀಮಸೇನರ ವಿಷಯಕ್ಕೆ ಬಂದರೆ ಅವರೂ ಕರಗುತ್ತಾರೆ. ಅದೊಂದರಲ್ಲಿ ನಾವಿಬ್ಬರೂ ಒಂದು.

ಮೂರನೆಯದು ಪರವಾನಗಿ. ಆರ್‌ಟಿಓ ಕಚೇರಿಯಲ್ಲಿ ಎಂಟರ ಆಕಾರದಲ್ಲಿ ಗಾಡಿ ಓಡಿಸಿ ತೋರಿಸಿದರೆ ಸಾಲದು. ಸ್ಕೂಟರಿಗೆ ಪ್ರಾರಂಭಿಕ, ಕಾರಿಗೆ ಮಧ್ಯಮಾ, ಭಾರಿ ವಾಹನಕ್ಕೆ ವಿಶಾರದ. ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆಗಳಿಗೆ ಕುಳಿತವರಿಗೆ ಈ ಹೆಸರುಗಳ ಭಯ ಗೊತ್ತು. ದಲ್ಲಾಳಿಗಳು ಗುರು ಶಿಷ್ಯನ ಕೈಗೆ ಕಟ್ಟುವ ದಾರವಾದ ಗಂಡಾ ಕಟ್ಟುವ ಸೇವೆಯನ್ನೂ ಆರಂಭಿಸುತ್ತಾರೆ. ಹೊಗೆ ತಪಾಸಣೆಯ ಪ್ರಮಾಣಪತ್ರದ ಜೊತೆ ಶ್ರುತಿ ತಪಾಸಣೆಯದೂ ಬೇಕಾಗುತ್ತದೆ. ಪೆಟ್ರೋಲ್ ಬಂಕಿನ ಮೂಲೆಯ ಗೂಡಿನಲ್ಲಿ ಕುಳಿತ ಹುಡುಗ ಕೇಳದೆಯೇ, ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ, ಶ್ರುತಿ ‘ಕಪ್ಪು ಎರಡು’ ಎಂದು ಬರೆದು ಮೊಹರು ಒತ್ತಿ ಕೊಡುತ್ತಾನೆ. ಪುಣೆ ಇದಕ್ಕೆಲ್ಲ ಒಪ್ಪೀತೇ ಎಂಬ ಅನುಮಾನ ನನಗೂ ಇದೆ. ಹೆಲ್ಮೆಟ್ ಕಡ್ಡಾಯದ ವಿರುದ್ಧ ಕ್ರಿಯಾ ಸಮಿತಿಯನ್ನೇ ಕಟ್ಟಿದ ಊರು ಇದು. ತಲೆಯನ್ನು ಮುಟ್ಟಗೊಡದವರು ಕಂಠವನ್ನು ಮುಟ್ಟಗೊಟ್ಟಾರೆಯೇ?

ಗಡಿಯ ಪ್ರಶ್ನೆ ಬಂದಾಗ ರಾಯರಿಗೂ ನನಗೂ ಅರ್ಧ ಗಂಟೆ ಮಾತು ನಿಂತಿತ್ತು. ಹಿಂದೂಸ್ತಾನಿ ಎಲ್ಲಿ ಮುಗಿಯುತ್ತದೆ? ನಮ್ಮ ಹಿರಿಯರ ಲೆಕ್ಕದಲ್ಲಿ ತುಂಗಭದ್ರೆಯಲ್ಲಿ. ಹಾಗಾಗಿ ಪುಣೆಯಿಂದ ಬೆಂಗಳೂರಿಗೆ ಹೋಗುವ ಬಸ್ಸು ಹರಿಹರದ ಸೇತುವೆಯ ಮೇಲೆ ನಿಂತು ಹಾರ್ನು ಬದಲಿಸಿಕೊಳ್ಳಬೇಕು. ಆಚೆಗೆ ಹಂಸಧ್ವನಿ ಸಾಗಬಹುದು. ಆದರೆ ಬಸ್ಸು ಅಲ್ಲಿಯವರೆಗೆ ಹೋಗಬೇಕಲ್ಲ. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಬಳಿ ಟಿಕೆಟ್ಟಿನ ಮಾತು ಭಾಷೆಯ ಜಗಳವಾಗಿ, ಬಸ್ಸುಗಳಿಗೆ ಮಸಿ ಬಿದ್ದು, ಎರಡು ರಾಜ್ಯಗಳ ನಡುವಿನ ಓಡಾಟವೇ ನಿಂತಿತ್ತು. ಆ ವಾರ ಧಾರವಾಡದಿಂದ ಬರಬೇಕಾಗಿದ್ದ ನನ್ನ ಅತ್ತಿಗೆ ನಿಪ್ಪಾಣಿಯಲ್ಲಿ ಇಳಿದು, ನಡೆದು, ಇನ್ನೊಂದು ವಾಹನ ಹತ್ತಿ ಬಂದರು. ಕೈಯಲ್ಲಿದ್ದ ರೊಟ್ಟಿಯ ಗಂಟಿಗೆ ಯಾವ ಭಾಷೆಯವರೂ ತಂಟೆ ಮಾಡಲಿಲ್ಲ. ಬಸ್ಸಿಗೆ ಮಸಿ ಬಳಿಯಬಹುದು, ಹಾರ್ನಿಗೆ ಹೇಗೆ ಬಳಿಯುತ್ತಾರೆ ಎಂಬುದು ನನ್ನ ಕುತೂಹಲ. ಸ್ವಾರಗೇಟಿನ ನಿಲ್ದಾಣದಲ್ಲಿ ಕನ್ನಡದ ಬಸ್ಸು ಭೀಮಸೇನರ ಧಾಟಿಯಲ್ಲಿ ನುಡಿದರೆ ಅದನ್ನು ತಡೆಯಬೇಕೋ, ತಲೆದೂಗಬೇಕೋ? ಮಹಾರಾಷ್ಟ್ರ ಅವರಿಗೆ 2002ರಲ್ಲಿ ಮಹಾರಾಷ್ಟ್ರ ಭೂಷಣ ಕೊಟ್ಟಿತು, ಕರ್ನಾಟಕ 2005ರಲ್ಲಿ ಕರ್ನಾಟಕ ರತ್ನ ಕೊಟ್ಟಿತು. ಎರಡು ಸರ್ಕಾರಗಳೂ ಒಂದೇ ಮನುಷ್ಯನ ಮೇಲೆ ಹಕ್ಕು ಸಾಧಿಸಿ ಜಗಳವಾಡದೆ ಉಳಿದದ್ದು ಬಹುಶಃ ಅದೊಂದೇ ಪ್ರಕರಣ.

ಭೀಮಸೇನರಿಗೆ ಕಾರಿನ ಹುಚ್ಚು ಬಹಳ. ಗಾಯನ ಮುಗಿಸಿ ರಾತ್ರೋರಾತ್ರಿ ತಾವೇ ಓಡಿಸಿಕೊಂಡು ಊರಿಂದೂರಿಗೆ ಹೋಗುತ್ತಿದ್ದರು, ಎಂಜಿನ್ನಿನ ಕಾಯಿಲೆಯನ್ನು ಕಿವಿಯಿಂದಲೇ ಗುರುತಿಸುತ್ತಿದ್ದರು. ಹಾರ್ನು ಎಷ್ಟು ಒತ್ತುತ್ತಿದ್ದರು ಎಂಬುದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಮನವಿಗೆ ಅದೊಂದು ಆಧಾರ ಸಿಕ್ಕಿದ್ದರೆ ಚೆನ್ನಾಗಿತ್ತು.

ಮನವಿಯನ್ನು ಅಂಚೆಗೆ ಹಾಕಲು ಹೊರಟವನು ರಿಕ್ಷಾ ಹತ್ತಿದೆ. ಚಾಲಕ ಕಲಬುರಗಿ ಕಡೆಯವನು. ಪುಣೆಯಲ್ಲಿ ನಮ್ಮವರು ಎಲ್ಲೆಲ್ಲಿ ಸಿಗುತ್ತಾರೆ ಎಂಬುದಕ್ಕೆ ಕೊನೆಯಿಲ್ಲ. ವಿಷಯ ಹೇಳಿದೆ. ಅವನು ಗಂಭೀರವಾಗಿ ಕೇಳಿದ.

‘ಕೊಳಲಿನ ಹಾರ್ನು ಎಂದಿರಲ್ಲ ಸಾಹೇಬರೇ, ಅದನ್ನು ಊದಿದರೆ ಮುಂದಿನವರು ಸರಿಯುತ್ತಾರೆಯೇ?’

‘ಯಾಕೆ ಸರಿಯುವುದಿಲ್ಲ?’

‘ಕೃಷ್ಣ ಪರಮಾತ್ಮ ಕೊಳಲೂದಿದಾಗ ಗೋಪಿಯರು ಮನೆ ಬಿಟ್ಟು ಹತ್ತಿರ ಬಂದರಂತೆ. ದನಗಳೂ ಬಂದವು. ದಾರಿ ಬಿಟ್ಟವರು ಯಾರೂ ಇಲ್ಲ.’

ಸಚಿವಾಲಯದಲ್ಲಿ ಇಷ್ಟು ಓದಿಕೊಂಡವರಿದ್ದಾರೆಯೇ ಎಂದು ನನಗೆ ಶಂಕೆಯಾಯಿತು. ಮುಂದಿನ ಮೂರು ಚೌಕಗಳಲ್ಲಿ ಅವನು ಹಾರ್ನಿನ ಭಾಷೆಯನ್ನು ನನಗೆ ಪಾಠ ಮಾಡಿದ. ಒಂದು ಸಣ್ಣದು ಎಂದರೆ ನಾನು ಬಂದೆ. ಎರಡು ಸಣ್ಣವು, ಬಾಡಿಗೆ ಬೇಕೇ. ಒಂದು ಉದ್ದದ್ದು, ನಿನ್ನ ಅಪ್ಪನ ರಸ್ತೆಯೇ. ದೀಪ ಕೆಂಪಿದ್ದಾಗ ಒತ್ತುವುದು ಯಾಕೆ ಎಂದೆ. ‘ಅದು ಜಪ ಸಾಹೇಬರೇ, ಹಸಿರಾಗಲಿ ಎಂದು’ ಎಂದ. ಮುಂಬಯಿಯ ಸಂಚಾರ ಪೊಲೀಸರು ಈ ಜಪಕ್ಕೆ ಒಂದು ಪ್ರಯೋಗ ಮಾಡಿದ್ದರು. ಸಿಗ್ನಲ್ಲಿನಲ್ಲಿ ಗದ್ದಲ 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ ಶುರು. 2020ರ ಆರಂಭದಲ್ಲಿ ಅದರ ವಿಡಿಯೋ ದೇಶವೆಲ್ಲ ಓಡಾಡಿತು. ನಾನು ಅದನ್ನು ಹನ್ನೆರಡು ಸಲ ನೋಡಿದ್ದೇನೆ. ಮನಸ್ಸು ಕೆಟ್ಟ ದಿನ ಇಂದಿಗೂ ನೋಡುತ್ತೇನೆ.

ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಮನವಿಗೆ ಲಗತ್ತಿಸಿದ ಕಾನೂನಿನ ಪ್ರತಿಗಳನ್ನು ಇನ್ನೊಮ್ಮೆ ತಿರುವಿದೆ. ಶಬ್ದ ಮಾಲಿನ್ಯ ನಿಯಮಗಳು, 2000. ಅದಕ್ಕೆ 2010ರಲ್ಲಿ ಸೇರಿಸಿದ ಒಂದು ತಿದ್ದುಪಡಿ: ಮೌನ ವಲಯಗಳಲ್ಲಿ ಯಾವಾಗಲೂ, ವಸತಿ ಪ್ರದೇಶಗಳಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ, ಸಾರ್ವಜನಿಕ ತುರ್ತಿನ ಹೊರತು ಹಾರ್ನು ಒತ್ತುವಂತಿಲ್ಲ. ಓದಿ ಕಣ್ಣುಜ್ಜಿಕೊಂಡೆ. ಆಗಿನಿಂದ ಇದೆ! ಕೋಥರೂಡಿನ ಜನ ಪ್ರತಿ ರಾತ್ರಿ ಸಾರ್ವಜನಿಕ ತುರ್ತಿನಲ್ಲಿ ಬದುಕುತ್ತಿದ್ದಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಲಾರಿಗಳ ಬೆನ್ನ ಮೇಲಿನ ‘ಹಾರ್ನ್ ಓಕೆ ಪ್ಲೀಸ್’ ಎಂಬ ಬರಹವನ್ನೂ ಮಹಾರಾಷ್ಟ್ರ 2015ರಲ್ಲಿಯೇ ನಿಷೇಧಿಸಿತ್ತು. ಬರಹವನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು; ಈಗ ಯಾರೂ ಕೇಳಿಕೊಳ್ಳದೆಯೇ ಒತ್ತುತ್ತಾರೆ.

ಆ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವವರು ಒಂದೇ ವರ್ಗದವರು, ಹಾಡುವವರು. ರಾತ್ರಿ ಹತ್ತಾದರೆ ತೆರೆದ ಬಯಲಲ್ಲಿ ಧ್ವನಿವರ್ಧಕ ನಿಲ್ಲಬೇಕು. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದರಲ್ಲಿ ಸಂಗೀತದ ಪಾಲಿಗೆ ಬೀಳುವುದು ಬಾಳೆಲೆಯ ತುದಿಯ ಉಪ್ಪಿನಷ್ಟು. 1953ರಲ್ಲಿ ಭೀಮಸೇನರು ಗುರುವಿನ ನೆನಪಿಗೆಂದು ಆರಂಭಿಸಿದ ಸವಾಯಿ ಗಂಧರ್ವ ಉತ್ಸವದಲ್ಲಿ ಒಂದು ಕಾಲಕ್ಕೆ ಇಡೀ ರಾತ್ರಿ ಹಾಡುತ್ತಿದ್ದರು. ಡಿಸೆಂಬರಿನ ಚಳಿ, ಶಾಲು, ಕಂಬಳಿ, ಫ್ಲಾಸ್ಕಿನ ಚಹಾ, ಕೊನೆಗೆ ಬೆಳಕು ಹರಿಯುವಾಗ ಭೈರವಿ. ಈಗ ದರಬಾರಿ, ಮಾಲಕಂಸ, ಅಡಾಣಾ ಎಲ್ಲ ಮನೆಯಿಲ್ಲದ ರಾಗಗಳು. ಅದೇ ಪುಣೆಯಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆ 24 ಗಂಟೆ ಮೀರಿ ನಡೆಯುತ್ತದೆ, ಗೋಡೆಯಷ್ಟೆತ್ತರದ ಸ್ಪೀಕರುಗಳಿಗೆ ಲಕ್ಷ್ಮೀ ರಸ್ತೆಯ ಕಿಟಕಿಗಳು ನಡುಗುತ್ತವೆ. ನಾನು ಗಣಪತಿಯ ಭಕ್ತ, ತಿಲಕರ ಭಕ್ತ. ಸಂಪ್ರದಾಯ ಉಳಿಯಬೇಕೆನ್ನುವವರು ಸಂಪ್ರದಾಯದ ಯಾವ ತುದಿಯನ್ನು ಹಿಡಿದು ಎಳೆಯುತ್ತಿದ್ದಾರೆ ಎಂದು ಕೇಳಿದರೆ ನನ್ನದೇ ಪಕ್ಷದವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ಮನವಿಯನ್ನು ಅಂಚೆಗೆ ಹಾಕಿದೆನೋ ಇಲ್ಲವೋ ಎಂದು ರಾಯರು ಈಗಲೂ ಕೇಳುತ್ತಿರುತ್ತಾರೆ. ಹಾಕಿದ್ದೇನೆ ಎಂದಿದ್ದೇನೆ.

ಕಳೆದ ಡಿಸೆಂಬರಿನಲ್ಲಿ ರಾಯರ ಕಾರಿನಲ್ಲಿ ಒಂದು ಬಯಲು ಗಾಯನಕ್ಕೆ ಹೋಗಿದ್ದೆವು. ಗಾಯಕರು ಹಿರಿಯರು. ಗಡಿಯಾರ ನೋಡಿ, ಸರಿರಾತ್ರಿಯ ಮಾಲಕಂಸವನ್ನು ಒಂಬತ್ತೂಕಾಲಕ್ಕೇ ಎತ್ತಿಕೊಂಡರು. ಮಂದ್ರದ ಧೈವತದಿಂದ ನಿಷಾದ, ಷಡ್ಜ. ಹಿಂದಿನ ಸಾಲಿನಲ್ಲಿ ಯಾರೋ ಚಿಪ್ಸಿನ ಪೊಟ್ಟಣ ಬಿಚ್ಚಿದ್ದಕ್ಕೆ ರಾಯರು ತಿರುಗಿ ನೋಡಿದ ನೋಟಕ್ಕೆ ಆ ಮನುಷ್ಯ ಪೊಟ್ಟಣವನ್ನು ಶಾಲಿನೊಳಗೆ ಅಡಗಿಸಿಕೊಂಡ. ಮಧ್ಯಮದ ಮೇಲೆ ಸ್ವರ ನಿಂತಾಗ ರಾಯರ ಕಣ್ಣು ತುಂಬಿತ್ತು. ಹತ್ತಕ್ಕೆ ಐದು ನಿಮಿಷವಿರುವಾಗ ಸಂಘಟಕರು ವೇದಿಕೆಯ ಪಕ್ಕ ಬಂದು ಕೈಮುಗಿದು ನಿಂತರು. ಗೇಟಿನ ಬಳಿ ಪೇದೆಯೊಬ್ಬ ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದ. ಗಾಯಕರು ತಾನನ್ನು ಅರ್ಧಕ್ಕೆ ಕಡಿದು ಸಮಕ್ಕೆ ಬಂದು ನಮಸ್ಕರಿಸಿದರು. ‘ಅನ್ಯಾಯ’ ಎಂದರು ರಾಯರು. ಮೈದಾನದಿಂದ ವಾಹನ ನಿಲ್ಲಿಸಿದಲ್ಲಿಗೆ ನಡೆಯುವವರೆಗೂ ಅದೊಂದೇ ಮಾತು, ಅನ್ಯಾಯ.

ಹೊರಗೆ ಹೋಗಲು ಒಂದೇ ದಾರಿ. ನೂರಾರು ಕಾರುಗಳು, ಇನ್ನೂ ತಂಬೂರಿಯ ಗುಂಗಿನಲ್ಲಿದ್ದ ನೂರಾರು ರಸಿಕರು. ಮುಂದಿನ ಕಾರು ಒಂದು ಗೇಣು ಅಲುಗಲಿಲ್ಲ. ರಾಯರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಮತ್ತೆ ಹಾಕಿಕೊಂಡು, ಅಂಗೈಯನ್ನು ಹಾರ್ನಿನ ಮೇಲಿಟ್ಟು ಒತ್ತಿ ಹಿಡಿದರು. ಗಾಯಕರ ಷಡ್ಜ ನನ್ನ ಕಿವಿಯಲ್ಲಿ ಇನ್ನೂ ಆರಿರಲಿಲ್ಲ. ಲೆಕ್ಕ ಹಾಕಿದೆ. ಅದು ಪಂಚಮ.

‘ರಾಯರೇ,’ ಎಂದೆ, ‘ಮಾಲಕಂಸದಲ್ಲಿ ಪಂಚಮ ವರ್ಜ್ಯ.’

ಅವರಿಗೆ ಕೇಳಿಸಲಿಲ್ಲ.